ಗುರು, ಲಘು ಮತ್ತು ಕವಡೆ

ಮೂವತ್ತೈದು ವರ್ಷ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿದವನೊಬ್ಬ ಗಣಿತದ ಅಭ್ಯಾಸವನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ನನಗೇ ನಗು ಬರುತ್ತದೆ. ಪಂಪ, ರನ್ನ, ಕುಮಾರವ್ಯಾಸರನ್ನು ಕುರಿತು ಕೇಳಿದ್ದರೆ ನಾಲ್ಕು ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೆ. ಆದರೆ ಈಚೆಗೆ ನಮ್ಮ ಮನೆಯ ಜಗಲಿಯ ಮೇಲೆ ನಡೆದ ಒಂದು ಸಣ್ಣ ಪ್ರಸಂಗ ನನ್ನ ಬಹುಕಾಲದ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿತು. ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳದಿದ್ದರೆ ಸಾಲವನ್ನು ಉಳಿಸಿಕೊಂಡ ಹಾಗಾಗುತ್ತದೆ ಎನ್ನಿಸಿ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ತರಗತಿಯಲ್ಲಿ ನಾನು ಆಗಾಗ ಆಡುತ್ತಿದ್ದ ಮಾತೊಂದಿತ್ತು: "ನನಗೆ ಗಣಿತ ಬರುವುದಿಲ್ಲ; ಅದಕ್ಕೇ ಕಾವ್ಯಕ್ಕೆ ಬಂದೆ." ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಸಾಹಿತ್ಯದ ಜನರಲ್ಲಿ ಈ ಮಾತಿಗೆ ಒಂದು ಬಗೆಯ ಗೌರವವೂ ಉಂಟು. ನಿಜ ಹೇಳಬೇಕೆಂದರೆ ಆ ಹೆಮ್ಮೆಯ ಕೆಳಗೆ ಹಳೆಯ ಅವಮಾನವೊಂದು ಮುಚ್ಚಿಕೊಂಡಿತ್ತು. ಮಾಧ್ಯಮಿಕ ಶಾಲೆಯಲ್ಲಿ ಓದುವಾಗ ಒಂದು ದಿನ ನನ್ನನ್ನು ಕರಿಹಲಗೆಯ ಮುಂದೆ ನಿಲ್ಲಿಸಿದ್ದರು. ಭಾಗಾಕಾರದ ಶೇಷವನ್ನು ಕುರಿತ ಲೆಕ್ಕ. ನಾನು ಬೆರಳು ಮಡಿಸುತ್ತ ಎಣಿಸುತ್ತಿದ್ದೆ; ಎಣಿಕೆ ಇನ್ನೂ ಮುಗಿದಿರಲಿಲ್ಲ. "ಇಷ್ಟು ಹೊತ್ತು ಬೇಕೇನೋ? ನಿನ್ನ ತಲೆಗೆ ಇದು ಹತ್ತುವುದಿಲ್ಲ, ಹೋಗಿ ಕೂತುಕೋ" ಎಂದರು ಅಧ್ಯಾಪಕರು. ನಾನು ತಪ್ಪು ಉತ್ತರ ಹೇಳಿದೆನೆಂದು ಅವರು ಹೇಳಲಿಲ್ಲ. ತಡ ಮಾಡಿದೆನೆಂದು ಹೇಳಿದರು. ಹೋಗಿ ಕುಳಿತವನು ಮತ್ತೆ ಎದ್ದು ಆ ಹಲಗೆಯ ಬಳಿಗೆ ಹೋಗಲೇ ಇಲ್ಲ.

ನಿವೃತ್ತನಾದ ಮೇಲೆ ಕೃಷ್ಣರಾಜಪೇಟೆಯಲ್ಲಿ ನೆಲೆಸಿದ್ದೇನೆ. ಕಿಕ್ಕೇರಿಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರೂ ಅಕ್ಕಿಹೆಬ್ಬಾಳಿನಲ್ಲಿ ಎ. ಎನ್. ಮೂರ್ತಿರಾಯರೂ ಹುಟ್ಟಿದ ತಾಲ್ಲೂಕು ಇದು. ಇಂಥ ಊರಿನಲ್ಲಿ ಕಾವ್ಯದ ಮಾತು ತಾನಾಗಿ ಬಾಯಿಗೆ ಬರುತ್ತದೆ. ಲೆಕ್ಕದ ಮಾತು ಬರುವುದಿಲ್ಲ. ದಸರೆಯ ರಜೆಗೆ ಮೊಮ್ಮಗಳು ಬಂದಳು. ಹತ್ತನೆಯ ತರಗತಿ. ಶಾಲೆಯಲ್ಲಿ ಅಭ್ಯಾಸಕ್ಕೆಂದು ಕೊಟ್ಟಿದ್ದ ಲೆಕ್ಕಗಳ ಹಾಳೆಯನ್ನು ಮುಂದಿಟ್ಟುಕೊಂಡು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದಳು. ಹಾಳೆಯಲ್ಲಿ ಎರಡು ಬಗೆಯ ಪ್ರಶ್ನೆಗಳಿದ್ದುವು: ಸಂಖ್ಯೆಗಳ ಗುಣವನ್ನು ಕುರಿತವು ಕೆಲವು, ಸಂಭವನೀಯತೆಯನ್ನು ಕುರಿತವು ಕೆಲವು. "ಯಾಕಮ್ಮ, ಮಾಡಬಾರದೆ?" ಎಂದೆ. ಅವಳು ತಲೆಯೆತ್ತದೆ, "ತಾತ, ನಿಮಗೂ ಬರಲ್ಲ, ಅಮ್ಮನಿಗೂ ಬರಲ್ಲ, ನನಗೂ ಬರಲ್ಲ. ನಮ್ಮ ಮನೇಲೇ ಇದು ಇಲ್ಲ" ಎಂದಳು.

ಎದೆಗೆ ಏಟು ಬಿದ್ದಂತಾಯಿತು. ನಾನು ತಮಾಷೆಗೆಂದು ಆಡುತ್ತಿದ್ದ ಮಾತು ಮಗಳಲ್ಲಿ ನಂಬಿಕೆಯಾಗಿ, ಮೊಮ್ಮಗಳಲ್ಲಿ ವಿಧಿಯಾಗಿ ನಿಂತಿತ್ತು. ಆಸ್ತಿ ಕೊಡಲಾರದ ಅಜ್ಜ ಅಂಜಿಕೆಯನ್ನು ಮಾತ್ರ ಮೂರನೆಯ ತಲೆಮಾರಿನವರೆಗೆ ಮುಟ್ಟಿಸಿದ್ದ. "ತಾ ಇಲ್ಲಿ, ಇಬ್ಬರೂ ನೋಡೋಣ" ಎಂದು ಹಾಳೆಯನ್ನು ಕೈಗೆ ತೆಗೆದುಕೊಂಡೆ.

ಮೊದಲ ಪ್ರಶ್ನೆ ಹೀಗಿತ್ತು: ನಾಲ್ಕು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ಸರಿಯಾಗಿ ಎರಡು ಮಾತ್ರ ತಲೆ ಮೇಲಾಗಿ ಬೀಳುವ ಸಂಭವನೀಯತೆ ಎಷ್ಟು? ಅವಳು ಪಕ್ಕದಲ್ಲಿ ಒಂದು ಉತ್ತರ ಬರೆದು ಹೊಡೆದುಹಾಕಿದ್ದಳು: ಐದರಲ್ಲಿ ಒಂದು. ಕಾರಣ ಕೇಳಿದೆ. "ತಲೆ ಒಂದೂ ಬೀಳದೆ ಇರಬಹುದು, ಒಂದು, ಎರಡು, ಮೂರು, ನಾಲ್ಕು ಬೀಳಬಹುದು. ಒಟ್ಟು ಐದು ದಾರಿ. ಅದರಲ್ಲಿ ಒಂದು" ಎಂದಳು. ಕೇಳಲು ಸರಿಯಾಗಿಯೇ ಇತ್ತು. ಎಲ್ಲಿ ತಪ್ಪಿದೆ ಎಂದು ನನಗೆ ಹೇಳಲು ಬರಲಿಲ್ಲ. ಆಗ ಒಳಗಿನಿಂದ ನನ್ನ ಹೆಂಡತಿ, "ನಾಲ್ಕು ಕವಡೆ ಆಡಿದವರನ್ನು ಕೇಳಿ. ಎರಡು ಬಿದ್ದಷ್ಟು ಸಲ ನಾಲ್ಕು ಬೀಳುತ್ತದೆಯೆ?" ಎಂದಳು.

ಚೌಕಾಬಾರ ಆಡದವರು ನಮ್ಮ ಸೀಮೆಯಲ್ಲಿ ಕಡಮೆ. ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆ ಬರೆದು, ನಾಲ್ಕು ಕವಡೆ, ಕವಡೆಯಿಲ್ಲದಿದ್ದರೆ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ಹುಣಿಸೆಬೀಜ, ಇಷ್ಟಿದ್ದರೆ ಆಟ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೆಯೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಚೌಕವಾಗಲಿ ಬಾರವಾಗಲಿ ಬಿದ್ದವರಿಗೆ ಇನ್ನೊಂದು ಆಟ ಉಂಟು. ಊರೂರಿಗೆ ಪದ್ಧತಿ ತುಸು ಬೇರೆಯಾಗಬಹುದು. ಎರಡು, ಮೂರು ಸದಾ ಬೀಳುತ್ತಿರುತ್ತವೆ, ಬಾರಕ್ಕೆ ಕಾಯಬೇಕು ಎಂಬುದು ಆಡುವ ಮಕ್ಕಳಿಗೆಲ್ಲ ಗೊತ್ತು. ಇಲ್ಲದಿದ್ದರೆ ಬಾರಕ್ಕೆ ಎಂಟು ಮನೆಯ ಬೆಲೆ ಏಕೆ? ಆಟವನ್ನು ಕಟ್ಟಿದವರು ಅಪರೂಪಕ್ಕೆ ಬೆಲೆ ಕಟ್ಟಿದ್ದರು.

ಹಾಗಾದರೆ ಎರಡು ಏಕೆ ಹೆಚ್ಚು ಬೀಳುತ್ತದೆ? ಕವಡೆಗಳನ್ನು ಜಗಲಿಯ ಮೇಲೆ ಸಾಲಾಗಿಟ್ಟು ಬೀಳಬಹುದಾದ ಬಗೆಗಳನ್ನು ಒಂದೊಂದಾಗಿ ಬರೆಯತೊಡಗಿದೆವು. ಬಾಯಿ ಮೇಲಾದುದಕ್ಕೆ ಅವಳು ಅಡ್ಡಗೆರೆ ಹಾಕಿದಳು, ಕವುಚಿದುದಕ್ಕೆ ಬಟ್ಟಲಿನಂತೆ ಬಾಗಿದ ಗೆರೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ನಾನು ಬೆಚ್ಚಿದೆ. ನನ್ನ ಮುಂದಿದ್ದುದು ಗುರು ಲಘುಗಳ ಪ್ರಸ್ತಾರ!

ಸಾಹಿತ್ಯದ ವಿದ್ಯಾರ್ಥಿಗಳಿಗೆ ಪ್ರಸ್ತಾರವೆಂದರೆ ಹೊಸದಲ್ಲ. ಇಷ್ಟು ಅಕ್ಷರಗಳ ಪಾದದಲ್ಲಿ ಗುರು ಲಘುಗಳು ಎಷ್ಟು ಬಗೆಯಾಗಿ ಬರಬಹುದೆಂಬುದನ್ನು ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಬರೆಯದೆ ಹರವಿ ತೋರಿಸುವ ಕ್ರಮ ಅದು. ಪಿಂಗಳನ ಛಂದಃಸೂತ್ರದಲ್ಲಿ ಅದರ ಮೂಲವಿದೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ನಮ್ಮ ನಾಗವರ್ಮ 'ಛಂದೋಂಬುಧಿ'ಯಲ್ಲಿ ಅದನ್ನು ಕನ್ನಡಕ್ಕೆ ತಂದ. ಮೂರಕ್ಷರದ ಗಣಗಳು ಎಂಟು ಎಂಬುದನ್ನು ನಾನು ಸಾವಿರ ಸಲ ಪಾಠ ಹೇಳಿದ್ದೇನೆ. ಆ ಎಂಟನ್ನು ಗುರುಗಳ ಸಂಖ್ಯೆಗೆ ತಕ್ಕಂತೆ ವಿಂಗಡಿಸಿ ನೋಡಿ. ಮೂರೂ ಗುರುವಾದದ್ದು ಮಗಣ ಒಂದೇ. ಎರಡು ಗುರುವುಳ್ಳವು ಯಗಣ, ರಗಣ, ತಗಣ ಎಂದು ಮೂರು. ಒಂದೇ ಗುರುವುಳ್ಳವು ಭಗಣ, ಜಗಣ, ಸಗಣ ಎಂದು ಮೂರು. ಗುರುವೇ ಇಲ್ಲದ್ದು ನಗಣ, ಒಂದು. ಒಂದು, ಮೂರು, ಮೂರು, ಒಂದು. ಮೂರು ಕವಡೆ ಎಸೆದರೂ ಇದೇ ಲೆಕ್ಕ.

ನಾಲ್ಕನೆಯ ಅಕ್ಷರವನ್ನು ಸೇರಿಸಿದರೆ ಒಂದೊಂದು ಗಣವೂ ಎರಡಾಗುತ್ತದೆ: ಕೊನೆಗೆ ಗುರು ಬಂದದ್ದು ಒಂದು, ಲಘು ಬಂದದ್ದು ಇನ್ನೊಂದು. ಒಟ್ಟು ೧೬. ಅವುಗಳಲ್ಲಿ ಎರಡು ಗುರುವುಳ್ಳವು ಎಷ್ಟು? ಮೊದಲೇ ಎರಡು ಗುರುವಿದ್ದ ಮೂರು ಗಣಗಳಿಗೆ ಲಘು ಸೇರಿದವು ಮೂರು, ಒಂದು ಗುರುವಿದ್ದ ಮೂರು ಗಣಗಳಿಗೆ ಗುರು ಸೇರಿದವು ಮೂರು, ಕೂಡಿ ಆರು. ಹೀಗೆಯೇ ಉಳಿದವನ್ನೂ ಎಣಿಸಿದರೆ ೧, ೪, ೬, ೪, ೧ ಎಂಬ ಸಾಲು ಬರುತ್ತದೆ. ಆದ್ದರಿಂದ ಪ್ರಶ್ನೆಯ ಉತ್ತರ ಐದರಲ್ಲಿ ಒಂದಲ್ಲ, ಹದಿನಾರರಲ್ಲಿ ಆರು, ಎಂದರೆ ಎಂಟರಲ್ಲಿ ಮೂರು. ಹತ್ತನೆಯ ಶತಮಾನದ ಹಲಾಯುಧನು ಪಿಂಗಳನ ಸೂತ್ರಕ್ಕೆ ವ್ಯಾಖ್ಯೆ ಬರೆಯುತ್ತ ಇಂಥ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ ಮೇರುಪ್ರಸ್ತಾರವೆಂದು ವಿವರಿಸಿದ್ದಾನೆ. ಅದನ್ನೇ ಪಶ್ಚಿಮದವರು ಹದಿನೇಳನೆಯ ಶತಮಾನದ ಪಾಸ್ಕಲನ ಹೆಸರಿನಿಂದ ಕರೆಯುತ್ತಾರೆ.

ಮೊಮ್ಮಗಳ ತಪ್ಪು ಎಲ್ಲಿತ್ತೆಂದು ಈಗ ಇಬ್ಬರಿಗೂ ತಿಳಿಯಿತು. ಅವಳು ಎಣಿಸಿದ ಐದು ದಾರಿಗಳು ನಿಜವಾಗಿಯೂ ಇದ್ದುವು. ಆದರೆ ಅವು ಸಮಾನವಾದ ದಾರಿಗಳಲ್ಲ. ಒಂದು ಕಾಲುದಾರಿ, ಒಂದು ಹೆದ್ದಾರಿ. ಈ ತಪ್ಪು ಮಾಡಿದವಳು ಅವಳೊಬ್ಬಳೇ ಅಲ್ಲ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಮಹಾಗಣಿತಜ್ಞ ದಾಲಂಬೇರ್, ೧೭೫೪ರಲ್ಲಿ ಅಲ್ಲಿಯ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ತಲೆ ಬೀಳುವ ಸಂಭವ ಮೂರರಲ್ಲಿ ಎರಡೆಂದು ವಾದಿಸಿದ. ಸರಿಯಾದ ಉತ್ತರ ನಾಲ್ಕರಲ್ಲಿ ಮೂರು. ಅವನು ಎಡವಿದ್ದೂ ಇದೇ ಕಲ್ಲನ್ನು. ಇದನ್ನು ಹೇಳಿದಾಗ ಹುಡುಗಿಯ ಮುಖ ಅರಳಿದ್ದನ್ನು ನೀವು ನೋಡಬೇಕಾಗಿತ್ತು. ತನ್ನ ತಪ್ಪು ದಡ್ಡತನದ ತಪ್ಪಲ್ಲ, ದೊಡ್ಡವರ ಸಾಲಿಗೆ ಸೇರಿದ ತಪ್ಪು ಎಂದು ತಿಳಿದರೆ ಮಕ್ಕಳು ಅದನ್ನು ತಿದ್ದಿಕೊಳ್ಳಲು ಹಿಂಜರಿಯುವುದಿಲ್ಲ.

ಅಲ್ಲಿಗೆ ಅವಳ ಪ್ರಶ್ನೆ ನಿಲ್ಲಲಿಲ್ಲ. "ಕವಡೆ ನಾಣ್ಯದ ಹಾಗೆ ಎರಡು ಕಡೆಗೂ ಸಮವಾಗಿ ಬೀಳುತ್ತಾ ತಾತ?" ಎಂದಳು. ಒಳ್ಳೆಯ ಪ್ರಶ್ನೆ. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಸಮವಾಗಿ ಬೀಳಬೇಕೆಂಬ ಕಟ್ಟಳೆ ಅದಕ್ಕಿಲ್ಲ. ಒಂದು ಕವಡೆಯನ್ನು ಇನ್ನೂರು ಸಲ ಎಸೆದು ಗೋಡೆಯ ಮೇಲೆ ಗೀಟು ಹಾಕಿದೆವು. ಎರಡು ಕಡೆಯ ಗೀಟುಗಳೂ ಸಮವಾಗಲಿಲ್ಲ. ಕವಡೆಯನ್ನು ಬದಲಾಯಿಸಿದರೆ ಅಂತರವೂ ಬದಲಾಯಿತು. ಹಾಗೆಂದರೆ ಹದಿನಾರು ಬಗೆಗಳನ್ನು ಸಮವೆಂದು ಎಣಿಸಿದ್ದು ಒಂದು ಒಪ್ಪಂದ. ಆ ಒಪ್ಪಂದ ಈ ಕವಡೆಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಎಸೆದೇ ನೋಡಬೇಕು. ತರ್ಕ ಎಲ್ಲಿ ಮುಗಿಯಿತು, ಪರೀಕ್ಷೆ ಎಲ್ಲಿ ಮೊದಲಾಯಿತು ಎಂಬ ಗಡಿ ಹದಿನೈದು ವರ್ಷದ ಹುಡುಗಿಗೆ ಜಗಲಿಯ ಮೇಲೆ ಕಂಡಿತು.

ಸಂಭವದ ಲೆಕ್ಕಕ್ಕೂ ನಮ್ಮ ಕಥೆಗಳಿಗೂ ಹಳೆಯ ನಂಟು. ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದ ನಳನ ಕಥೆಯನ್ನು ನೆನೆಯಿರಿ. ಮಹಾಭಾರತದ ವನಪರ್ವದಲ್ಲಿ ಋತುಪರ್ಣನು ರಥದಲ್ಲಿ ಹೋಗುತ್ತ ಒಂದು ತಾರೆಯ ಮರವನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ ೨೦೯೫ ಕಾಯಿಗಳೂ ಇವೆಯೆಂದು ಹೇಳಿಬಿಡುತ್ತಾನೆ. ಬಾಹುಕನ ವೇಷದಲ್ಲಿದ್ದ ನಳ ಅದನ್ನು ನಂಬದೆ ಮರವನ್ನು ಕೆಡವಿ ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆಗ ಋತುಪರ್ಣ ತನಗೆ ಎಣಿಕೆಯ ವಿದ್ಯೆಯೂ ಅಕ್ಷಹೃದಯವೂ, ಎಂದರೆ ದಾಳದ ಮರ್ಮವೂ ತಿಳಿದಿದೆ ಎನ್ನುತ್ತಾನೆ. ಅದನ್ನು ಕಲಿತ ಮೇಲೆಯೇ ನಳನಿಂದ ಕಲಿ ಹೊರಬೀಳುವುದು. ಅಂದು ಅಜ್ಞಾನದಿಂದ ರಾಜ್ಯವನ್ನು ಸೋತವನು ಎಣಿಕೆ ತಿಳಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುತ್ತಾನೆ. ಎಣಿಕೆಯೂ ದಾಳದ ಮರ್ಮವೂ ಒಬ್ಬನಲ್ಲೇ ಕೂಡಿರುತ್ತವೆಂದು ಆ ಕವಿ ಕಂಡದ್ದು ಆಕಸ್ಮಿಕವಲ್ಲ.

ಇದು ಬರಿಯ ಪುರಾಣದ ಮಾತೂ ಅಲ್ಲ. "ಇಷ್ಟು ಹೊತ್ತು ಬಾರ ಬಿದ್ದಿಲ್ಲ, ಈಗ ಬಿದ್ದೇ ಬೀಳುತ್ತದೆ" ಎನ್ನುವುದು ಆಟದ ಮಣೆಯ ಮೇಲೆ ನಾವೆಲ್ಲ ಆಡಿದ ಮಾತು. ಕವಡೆಗೆ ನೆನಪಿಲ್ಲ, ಹಿಂದೆ ಏನು ಬಿತ್ತೆಂಬುದು ಅದಕ್ಕೆ ತಿಳಿಯದು. ಇದೇ ಮಾತನ್ನು ಲಾಟರಿ ಅಂಗಡಿಯ ಮುಂದೆ ನಿಂತು ಆಡಿ ಮನೆ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ೨೦೦೭ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಂತಿತು. ಆ ನಂಬಿಕೆ ನಿಂತಿಲ್ಲ. ಅದನ್ನು ಕಾನೂನಿಗಿಂತ ಚೆನ್ನಾಗಿ ನಿಲ್ಲಿಸಬಲ್ಲದ್ದು ಶಾಲೆಯ ಈ ಚಿಕ್ಕ ಅಧ್ಯಾಯ.

ಇನ್ನು ಹಾಳೆಯ ಮತ್ತೊಂದು ಬಗೆಯ ಪ್ರಶ್ನೆಗಳು, ಸಂಖ್ಯೆಗಳ ಗುಣವನ್ನು ಕುರಿತವು. ಅವುಗಳ ಬಳಿಗೆ ಹೋಗುವ ಮುನ್ನ ನಾನು ಮೊಮ್ಮಗಳಿಗೆ ಒಂಬತ್ತನೆಯ ಶತಮಾನದ ಒಂದು ರಾಜಸಭೆಯ ವಿಷಯ ಹೇಳಿದೆ. ಅಮೋಘವರ್ಷ ನೃಪತುಂಗನ ಹೆಸರು ಕೇಳಿದೊಡನೆ ನಮಗೆ 'ಕವಿರಾಜಮಾರ್ಗ' ನೆನಪಾಗುತ್ತದೆ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ. ಅದೇ ರಾಜನ ಆಶ್ರಯದ ಕಾಲದಲ್ಲಿ, ಅವನನ್ನು ಹೊಗಳಿಯೇ, ಮಹಾವೀರಾಚಾರ್ಯನೆಂಬ ಜೈನಪಂಡಿತ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ. ಒಂದೇ ನೆರಳಿನಲ್ಲಿ ಬೆಳೆದ ಎರಡು ಗಿಡಗಳು. ನಾವು ಒಂದಕ್ಕೆ ನೀರೆರೆದು ಇನ್ನೊಂದನ್ನು ಮರೆತೆವು. ಆ ಗ್ರಂಥದ ಆರಂಭದಲ್ಲಿ ಮಹಾವೀರನು ಗಣಿತ ಎಲ್ಲೆಲ್ಲಿ ಬೇಕೆಂದು ಪಟ್ಟಿ ಮಾಡುತ್ತಾನೆ. ಅದರಲ್ಲಿ ಸಂಗೀತವಿದೆ, ನಾಟಕವಿದೆ, ಪಾಕಶಾಸ್ತ್ರವಿದೆ. ಛಂದಸ್ಸು, ಕಾವ್ಯ, ತರ್ಕ, ವ್ಯಾಕರಣಗಳೂ ಇವೆ. ಗಣಿತ ಬಾರದೆಂದು ಕಾವ್ಯಕ್ಕೆ ಓಡಿಬಂದ ನನ್ನಂಥವನನ್ನು ಅವನು ಸಾವಿರ ವರ್ಷ ಮೊದಲೇ ಕಂಡಿದ್ದನೋ ಏನೋ!

ಅವನ ಒಂದು ಲೆಕ್ಕ ಹೀಗಿದೆ. ಹೂವು ಹಣ್ಣುಗಳ ಭಾರದಿಂದ ಕೊಂಬೆಗಳು ಬಾಗಿದ ಒಂದು ಕಾಡಿನ ಅಂಚು. ದಣಿದ ಪಯಣಿಗರು ಅಲ್ಲಿಗೆ ಬರುತ್ತಾರೆ. ಬಾಳೆಯ ಹಣ್ಣಿನ ೬೩ ಸಮರಾಶಿಗಳಿವೆ, ಜೊತೆಗೆ ಬಿಡಿಹಣ್ಣು ೭. ಇವನ್ನೆಲ್ಲ ೨೩ ಜನ ಸಮನಾಗಿ ಹಂಚಿಕೊಂಡರೆ ಏನೂ ಉಳಿಯುವುದಿಲ್ಲ. ಒಂದು ರಾಶಿಯಲ್ಲಿ ಹಣ್ಣು ಎಷ್ಟು? ಕಾವ್ಯದ ವರ್ಣನೆಯಂತೆ ಮೊದಲಾಗಿ ಶೇಷದ ಲೆಕ್ಕವಾಗಿ ಮುಗಿಯುವ ಇದನ್ನು ಕೇಳಿ ನನಗೆ ಹಳೆಯ ಕರಿಹಲಗೆ ನೆನಪಾಯಿತು. ಈ ಸಲ ಯಾರೂ ಅವಸರ ಮಾಡಲಿಲ್ಲ.

ನಾವು ಬಿಡಿಸಿದ್ದು ಹೀಗೆ. ೬೩ ರಾಶಿಗಳಲ್ಲಿ ೪೬ ರಾಶಿಗಳನ್ನು ತಲೆಗೆ ಎರಡರಂತೆ ಹಂಚಿಬಿಡಬಹುದು. ಅವುಗಳ ಚಿಂತೆ ಬೇಡ. ಉಳಿದವು ೧೭ ರಾಶಿ ಮತ್ತು ೭ ಹಣ್ಣು. ಇನ್ನೂ ೬ ರಾಶಿ ಇದ್ದಿದ್ದರೆ ತಲೆಗೊಂದು ರಾಶಿ ಪೂರ್ತಿಯಾಗುತ್ತಿತ್ತು. ಆದ್ದರಿಂದ ನಮಗಿರುವ ಕೊರತೆ ಆರು ರಾಶಿ, ಕೈಯಲ್ಲಿರುವುದು ಏಳು ಹಣ್ಣು. ಆರು ರಾಶಿಯಿಂದ ಏಳು ಹಣ್ಣನ್ನು ಕಳೆದರೆ ೨೩ರ ಮಗ್ಗಿಯ ಒಂದು ಸಂಖ್ಯೆ ಬರಬೇಕು. ಎಂದರೆ ೭ಕ್ಕೆ ೨೩ನ್ನು ಕೂಡುತ್ತ ಹೋಗಿ ಆರರ ಮಗ್ಗಿಗೆ ಸಿಕ್ಕುವ ಸಂಖ್ಯೆಯನ್ನು ಹುಡುಕಬೇಕು. ೭ ಸಿಕ್ಕುವುದಿಲ್ಲ, ೩೦ ಸಿಕ್ಕಿತು! ಆರೈದಲೆ ಮೂವತ್ತು. ರಾಶಿಗೆ ೫ ಹಣ್ಣು. ತಾಳೆ ನೋಡಿದೆವು: ೬೩ ಐದಲೆ ೩೧೫, ಏಳು ಕೂಡಿದರೆ ೩೨೨, ಅದು ತಲೆಗೆ ೧೪ರಂತೆ ೨೩ ಜನಕ್ಕೆ ಸರಿಹೋಯಿತು. ಐದಕ್ಕೆ ೨೩ ಕೂಡಿದ ೨೮ ಕೂಡ ಉತ್ತರವಾದೀತು, ೫೧ ಕೂಡ. ದೊಡ್ಡ ಭಾಜಕವನ್ನು ಹಂತಹಂತವಾಗಿ ಕುಟ್ಟಿ ಚಿಕ್ಕದು ಮಾಡುವ ಈ ಬಗೆಯ ಲೆಕ್ಕಕ್ಕೆ ಹಿಂದಿನವರು ಕುಟ್ಟಕವೆಂದು ಹೆಸರಿಟ್ಟಿದ್ದರು. ಕುಟ್ಟುವುದೆಂದರೆ ಪುಡಿ ಮಾಡುವುದು. ಹೆದರಿಸುವ ಪ್ರಶ್ನೆಯನ್ನು ಪುಡಿ ಮಾಡುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ.

ಮಹಾವೀರ ಕೆಲವು ಗುಣಾಕಾರಗಳನ್ನು ರಾಜನ ಕೊರಳಿಗೆ ತೊಡಿಸುವ ಹಾರಗಳಂತೆ ಕಟ್ಟಿದ್ದಾನೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ಎಂಟು ಒಂದುಗಳ ಸರ. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸರ. ಮೊದಲ ನೋಟಕ್ಕೆ ಇದು ಗಾರುಡಿಯಂತೆ ಕಾಣುತ್ತದೆ. ಆದರೆ ಸರವನ್ನು ಬಿಚ್ಚಿ ಮಣಿಗಳನ್ನು ನೋಡಿದರೆ ಗುಟ್ಟು ತಿಳಿಯುತ್ತದೆ. ಎಂಟು ಒಂದುಗಳೆಂದರೆ ೧೧೧೧ನ್ನು ೧೦೦೦೧ರಿಂದ ಗುಣಿಸಿದಂತೆ. ೧೧೧೧ ಎಂದರೆ ೧೧ ಮತ್ತು ೧೦೧ರ ಗುಣಲಬ್ಧ. ೧೦೦೦೧ ಎಂದರೆ ೭೩ ಮತ್ತು ೧೩೭ರ ಗುಣಲಬ್ಧ. ಈ ನಾಲ್ಕು ಮಣಿಗಳಲ್ಲಿ ೭೩ನ್ನು ತೆಗೆದಿಟ್ಟು ಉಳಿದ ಮೂರನ್ನು ಪೋಣಿಸಿದರೆ ೧೫೨೨೦೭. ಅಷ್ಟೇ! ಒಂದು ಸಂಖ್ಯೆಯನ್ನು ಹೇಗೆ ಒಡೆದರೂ ಕೊನೆಗೆ ದೊರೆಯುವ ಅವಿಭಾಜ್ಯಗಳು ಅವೇ ಎಂಬುದನ್ನು ಮೊಮ್ಮಗಳ ಪುಸ್ತಕದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯವೆಂದು ಅಚ್ಚು ಮಾಡಿದ್ದಾರೆ. ಅವಳು ಅದನ್ನು ಬಾಯಿಪಾಠ ಮಾಡಿದ್ದಳು; ಅರ್ಥವಾದದ್ದು ಹಾರ ಬಿಚ್ಚಿದ ಮೇಲೆ.

ಹಾಳೆಯ ಎರಡು ಬಗೆಯ ಪ್ರಶ್ನೆಗಳೂ ಕೂಡುವ ಜಾಗವೊಂದು ಇದೇ ಗ್ರಂಥದಲ್ಲಿದೆ. ಒಗರು, ಕಹಿ, ಹುಳಿ, ಕಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಎಷ್ಟು ಬಗೆಯಾಗಿ ಬೆರಸಬಹುದೆಂದು ಮಹಾವೀರ ಕೇಳುತ್ತಾನೆ. ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನೂ ಕೊಡುತ್ತಾನೆ. ನಾಲ್ಕರಲ್ಲಿ ಎರಡನ್ನು ಆರಿಸಬೇಕಾದರೆ ನಾಲ್ಕು ಮೂರಲೆ ಹನ್ನೆರಡನ್ನು ಒಂದು ಎರಡಲೆ ಎರಡರಿಂದ ಭಾಗಿಸಬೇಕು: ಆರು. ನಮ್ಮ ಕವಡೆಯ ಆರು! ಜಗಲಿಯ ಮೇಲೆ ಒಂದು ಗಂಟೆ ಗೀಚಿ ಪಡೆದದ್ದನ್ನು ಸೂತ್ರ ಒಂದು ಉಸಿರಿನಲ್ಲಿ ಹೇಳಿತು. ಗೀಚಿದ್ದು ವ್ಯರ್ಥವಾಯಿತೆ? ಇಲ್ಲ. ಗೀಚದೆ ಸೂತ್ರವನ್ನು ಪಡೆದವನು ಅದನ್ನು ಪರೀಕ್ಷೆಯ ಮರುದಿನ ಕಳೆದುಕೊಳ್ಳುತ್ತಾನೆ.

ಗಣಿತವನ್ನು ಕನ್ನಡದಲ್ಲಿ ಹೇಳಲಾಗುವುದೇ ಎಂದು ಇಂದಿಗೂ ಕೇಳುವವರಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದಿದ್ದಾನೆ. ಸಾಹಿತ್ಯಚರಿತ್ರೆಯ ಪಾಠದಲ್ಲಿ ನಾವು ಅವನ ಹೆಸರನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದಿನ ಚಂಪೂಕವಿಗೆ ಹೋಗುತ್ತಿದ್ದೆವು. ಅವನ ಪುಸ್ತಕವನ್ನು ತೆರೆದು ಒಂದು ಲೆಕ್ಕ ಬಿಡಿಸಿ ತೋರಿಸಿದ ಕನ್ನಡ ಮೇಷ್ಟರು ಎಷ್ಟು ಮಂದಿ? ನಾನಂತೂ ಅಲ್ಲ.

ಆ ಧಾರೆ ಬತ್ತಿಲ್ಲವೆನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಶಾಲೆಯ ಮಕ್ಕಳಿಗಾಗಿ ನಡೆಯುವ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ೧೯೫೯ರಲ್ಲಿ ರುಮಾನಿಯದಲ್ಲಿ ಮೊದಲಾಯಿತು. ಭಾರತ ೧೯೮೯ರಿಂದ ಅದರಲ್ಲಿ ಭಾಗವಹಿಸುತ್ತ ಬಂದಿದೆ. ಅದರ ಅಭ್ಯಾಸಕ್ಕೆಂದು ಸಿ. ಆರ್. ಪ್ರಾಣೇಶಾಚಾರ್, ಬಿ. ಜೆ. ವೆಂಕಟಾಚಲ, ಸಿ. ಎಸ್. ಯೋಗಾನಂದ ಈ ಮೂವರು ಇಂಗ್ಲಿಷಿನಲ್ಲಿ ರಚಿಸಿದ ಪ್ರಶ್ನೆಗಳ ಪುಸ್ತಕ ಬೆಂಗಳೂರಿನಿಂದ ಹೊರಬಂದಿತು. ಇವರಲ್ಲಿ ಯೋಗಾನಂದರು ಸಂಖ್ಯಾಸಿದ್ಧಾಂತದ ವಿದ್ವಾಂಸರು. ನಮ್ಮ ನೆರೆಯ ಶ್ರೀರಂಗಪಟ್ಟಣದಲ್ಲಿ ಹಳೆಯ ಗ್ರಂಥಗಳನ್ನು ಗಣಕಯಂತ್ರಕ್ಕೆ ಇಳಿಸುವ ಸಂಸ್ಥೆಯನ್ನೂ ಕಟ್ಟಿದರು. ಸಂಖ್ಯೆಯನ್ನು ಪ್ರೀತಿಸುವ ಮನಸ್ಸಿಗೆ ಅಕ್ಷರ ಪರಕೀಯವಲ್ಲ. ಸಂಭವನೀಯತೆಯ ಕಡೆಗೆ ತಿರುಗಿದರೆ, ಲೋಕಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ೧೯೨೦ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ೨೦೨೩ರಲ್ಲಿ ತೀರಿಕೊಂಡ ಆ ಹಿರಿಯರು ತಮ್ಮ ಒಂದು ಪುಸ್ತಕವನ್ನು ತಾಯಿಗೆ ಅರ್ಪಿಸಿದ್ದಾರೆ. ಬೆಳಗಿನ ನಾಲ್ಕು ಗಂಟೆಗೆ ಎಬ್ಬಿಸಿ, ಓದಲೆಂದು ಎಣ್ಣೆಯ ದೀಪವನ್ನು ಹಚ್ಚಿಡುತ್ತಿದ್ದ ತಾಯಿ ಆಕೆ. ಮನೆಯವರು ಮಾಡಬೇಕಾದುದು ಇಷ್ಟೇ ಎನ್ನಿಸುತ್ತದೆ. ಲೆಕ್ಕ ಬರಬೇಕೆಂದಿಲ್ಲ, ದೀಪ ಹಚ್ಚಿದರೆ ಸಾಕು.

ಹಾಗಾದರೆ ಅಭ್ಯಾಸವೆಂದರೆ ಯಾವುದು? ಒಂದೇ ಜಾತಿಯ ಐವತ್ತು ಲೆಕ್ಕಗಳನ್ನು ಗಡಿಯಾರ ನೋಡಿಕೊಂಡು ಮುಗಿಸುವುದನ್ನು ನಾವು ಅಭ್ಯಾಸವೆನ್ನುತ್ತೇವೆ. ಅದಕ್ಕೂ ಒಂದು ಸ್ಥಾನವಿದೆ. ಮಗ್ಗಿ ಬಾರದೆ ಬಾಳೆಹಣ್ಣಿನ ಲೆಕ್ಕ ಬಿಡುವುದಿಲ್ಲ. ಆದರೆ ಸಂಖ್ಯೆಯ ಪ್ರಶ್ನೆಗಳೂ ಸಂಭವದ ಪ್ರಶ್ನೆಗಳೂ ಬೇರೊಂದು ಬಗೆಯ ಅಭ್ಯಾಸವನ್ನು ಕೇಳುತ್ತವೆ. ಅವಕ್ಕೆ ಬೇಕಾದ ಸೂತ್ರಗಳು ಕೆಲವೇ. ಬೇಕಾದ ತಾಳ್ಮೆ ಬಹಳ. ನಾಲ್ಕು ಕವಡೆ ಕಷ್ಟವಾದರೆ ಎರಡರಿಂದ ಮೊದಲು ಮಾಡಬೇಕು. ಬಗೆಗಳನ್ನು ಒಂದು ಕ್ರಮದಲ್ಲಿ ಬರೆಯಬೇಕು, ಪ್ರಸ್ತಾರದಂತೆ. ಉತ್ತರ ಬಂದ ಮೇಲೆ ತಾಳೆ ನೋಡಬೇಕು. ಆಮೇಲೆ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ, ಕವಡೆ ಐದಾದರೆ ಏನು, ಪಯಣಿಗರು ೨೧ ಆದರೆ ಏನು ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ೨೧ ಆದರೆ ಹಂಚಲು ಆಗುವುದೇ ಇಲ್ಲ; ಏಕೆಂದು ನೀವೇ 'ಕುಟ್ಟಿ' ನೋಡಿ. ಒಂದು ಪದ್ಯವನ್ನು ನಾವು ಹೀಗೆಯೇ ಅಲ್ಲವೆ ಓದುವುದು? ಹಿಂದಕ್ಕೆ ಹೋಗಿ, ನಿಂತು, ಶಬ್ದವನ್ನು ಬಿಡಿಸಿ, ಮತ್ತೆ ಕೂಡಿಸಿ. ಪದ್ಯವನ್ನು ನಿಧಾನವಾಗಿ ಓದುವವನನ್ನು ರಸಿಕನೆನ್ನುತ್ತೇವೆ. ಲೆಕ್ಕವನ್ನು ನಿಧಾನವಾಗಿ ಮಾಡುವವನನ್ನು ದಡ್ಡನೆನ್ನುತ್ತೇವೆ. ಈ ಪಕ್ಷಪಾತ ಹೋಗಬೇಕು.

ರಜೆ ಮುಗಿಯುವ ಹಿಂದಿನ ಸಂಜೆ ಮೊಮ್ಮಗಳು ನನ್ನ ಛಂದಸ್ಸಿನ ಪುಸ್ತಕವನ್ನು ತಿರುವಿ ಹಾಕುತ್ತಿದ್ದಳು. ಮಾತ್ರಾಗಣಗಳ ಪುಟ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ತಿಳಿದುಕೊಂಡು, ಪೆನ್ಸಿಲಿನಿಂದ ಏನೋ ಬರೆದಳು. ಮೂರು ಮಾತ್ರೆಯ ಗಣ ಮೂರು ಬಗೆ, ನಾಲ್ಕು ಮಾತ್ರೆಯದು ಐದು ಬಗೆ. "ಐದು ಮಾತ್ರೆಯದು ಎಂಟು ಇರಬೇಕು ತಾತ, ಅಲ್ವಾ?" ಎಂದಳು. ಹೌದು, ಎಂಟು; ನಾನು ಪಟ್ಟಿ ನೋಡಿ ಪಾಠ ಹೇಳುತ್ತಿದ್ದ ಎಂಟು. "ಬರೆಯದೆ ಹೇಗೆ ಹೇಳಿದೆ?" ಎಂದೆ. "ಐದು ಮಾತ್ರೆ ಕೊನೆಗೆ ಲಘುವಿನಿಂದ ಮುಗಿದರೆ ಅದರ ಹಿಂದೆ ಇರೋದು ನಾಲ್ಕು ಮಾತ್ರೆ, ಅದು ಐದು ಬಗೆ. ಗುರುವಿನಿಂದ ಮುಗಿದರೆ ಹಿಂದೆ ಇರೋದು ಮೂರು ಮಾತ್ರೆ, ಅದು ಮೂರು ಬಗೆ. ಐದೂ ಮೂರೂ ಎಂಟು. ಆರು ಮಾತ್ರೆಗೆ ಹದಿಮೂರು" ಎಂದಳು.

೧, ೨, ೩, ೫, ೮, ೧೩. ಇಟಲಿಯ ಫಿಬೊನಾಚಿ ೧೨೦೨ರಲ್ಲಿ ಬರೆದ ಗ್ರಂಥದಿಂದ ಪ್ರಸಿದ್ಧವಾದ ಸಂಖ್ಯಾಶ್ರೇಣಿ ಇದು. ಅದಕ್ಕಿಂತ ಮೊದಲೇ ನಮ್ಮ ಛಂದಶ್ಶಾಸ್ತ್ರಜ್ಞರಾದ ವಿರಹಾಂಕ, ಹೇಮಚಂದ್ರರು ಮಾತ್ರಾವೃತ್ತಗಳನ್ನು ಎಣಿಸುತ್ತ ಇದನ್ನು ಕಂಡಿದ್ದರು. ಮೂವತ್ತೈದು ವರ್ಷ ಆ ಪುಟವನ್ನು ಬೋಧಿಸಿದ ನಾನು ಅದನ್ನು ಕಂಡಿರಲಿಲ್ಲ. ಲೆಕ್ಕ ಬರುವುದಿಲ್ಲವೆಂದು ಅಳುತ್ತ ಬಂದ ಹುಡುಗಿ ಹತ್ತು ದಿನದಲ್ಲಿ ಕಂಡಳು. ನಾನು ಅವಳಿಗೆ ಇನ್ನೊಂದು ಪ್ರಶ್ನೆ ಕೊಟ್ಟೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆಯ ಗಣದ ಮುಂದೆ ನಾಲ್ಕು ಮಾತ್ರೆಯ ಗಣ ಬರುತ್ತದೆ. ಮೊದಲಲ್ಲಿ ಲಘು, ಅದರ ಮೇಲೆ ಗುರು ಬರುವ ಗಣಗಳನ್ನು ಕವಿಗಳು ಬಿಡುತ್ತಾರೆ. ಹಾಗಾದರೆ ಉಳಿದ ಜೋಡಿಗಳೆಷ್ಟು? ಅವಳು ಮೂರರಲ್ಲಿ ಒಂದನ್ನು, ಐದರಲ್ಲಿ ಒಂದನ್ನು ಹೊಡೆದುಹಾಕಿ, ಎರಡು ನಾಲ್ಕಲೆ ಎಂಟು ಎಂದಳು. ಕುಮಾರವ್ಯಾಸನ ನಡಿಗೆಗೆ ಇರುವ ಹೆಜ್ಜೆಗಳು ಎಂಟು ಬಗೆ. ಅಷ್ಟರಲ್ಲೇ ಅವನು ಭಾರತವನ್ನು ನಡೆಸಿದ!

ಮರುದಿನ ಬಸ್ಸು ಹತ್ತುವಾಗ ನಾಲ್ಕು ಕವಡೆಗಳನ್ನು ಅವಳು ತನ್ನ ಜೊತೆಯಲ್ಲೇ ಕೊಂಡೊಯ್ದಳು. ಪರೀಕ್ಷೆಯಲ್ಲಿ ಅವಳಿಗೆ ಎಷ್ಟು ಅಂಕ ಬರುತ್ತದೋ ನಾನು ಹೇಳಲಾರೆ. ಅದು ಸಂಭವನೀಯತೆಯ ವಿಷಯ. ನನ್ನ ಮಟ್ಟಿಗೆ ಖಚಿತವಾದುದು ಒಂದೇ. "ನನಗೆ ಗಣಿತ ಬರುವುದಿಲ್ಲ" ಎಂಬ ಮಾತನ್ನು ಇನ್ನು ಮುಂದೆ ನಾನು ನಗುವಿಗಾಗಿಯೂ ಆಡುವುದಿಲ್ಲ. ಯಾರಾದರೂ ಕೇಳಿದರೆ, "ಇನ್ನೂ ಎಣಿಸುತ್ತಿದ್ದೇನೆ, ಸ್ವಲ್ಪ ಹೊತ್ತು ಕೊಡಿ" ಎನ್ನುತ್ತೇನೆ. ಐವತ್ತು ವರ್ಷಗಳ ಹಿಂದೆ ಆ ಕರಿಹಲಗೆಯ ಮುಂದೆ ನಿಂತು ನಾನು ಹೇಳಬೇಕಾಗಿದ್ದ ಮಾತು ಅದೇ.

(ಬಾನುಲಿ ಭಾಷಣ)